ಓದಿದ್ದು ನಿಲ್ಲುತ್ತಿಲ್ಲ, ಇಟ್ಟಿದ್ದು ಸಿಗುತ್ತಿಲ್ಲ: 42ನೇ ವಯಸ್ಸಿನಲ್ಲಿ ನೆನಪನ್ನು ಹದ ಮಾಡಿಕೊಳ್ಳುವುದು ಹೇಗೆ?

ಹೇಮಾವತಿದಂಡೆ (ಭಾನುವಾರ, ರಾತ್ರಿ 11.20)

ಎಲ್ಲರಿಗೂ ನಮಸ್ಕಾರ. ನಾನು ಸಕಲೇಶಪುರದವಳು, ವಯಸ್ಸು 42. ದಿನಾ ಬಸ್ಸಿನಲ್ಲಿ ಹಾಸನಕ್ಕೆ ಹೋಗಿಬರುವ ಕನ್ನಡ ಅತಿಥಿ ಉಪನ್ಯಾಸಕಿ. ಎಂ.ಎ. ಮುಗಿಸಿ ಹದಿನೆಂಟು ವರ್ಷವಾದ ಮೇಲೆ ಈಗ ಕಾಲೇಜು ಅಧ್ಯಾಪಕರ ಅರ್ಹತಾ ಪರೀಕ್ಷೆಯಾದ ಕೆ-ಸೆಟ್‌ಗೆ ಓದಲು ಕೂತಿದ್ದೇನೆ. ಮೊದಲ ಪತ್ರಿಕೆಯಲ್ಲಿ 50 ಪ್ರಶ್ನೆ, ಎರಡನೆಯದರಲ್ಲಿ 100. ಪಂಪನಿಂದ ಹಿಡಿದು ಭಾಷಾವಿಜ್ಞಾನದವರೆಗೆ, ಛಂದಸ್ಸು, ಇಸವಿ, ಯಾರಿಗೆ ಯಾವ ಪ್ರಶಸ್ತಿ ಯಾವಾಗ, ಎಲ್ಲವೂ ತಲೆಯಲ್ಲಿರಬೇಕು.

ರಾತ್ರಿ ಹತ್ತಕ್ಕೆ ಅತ್ತೆಯವರು ಮಲಗಿದ ಮೇಲೆ ಪಾತ್ರೆ ತೊಳೆದು ಒಂದು ಗಂಟೆಯವರೆಗೆ ಓದುತ್ತೇನೆ. ಐದಕ್ಕೆ ಏಳಲೇಬೇಕು. ಒಂದೊಂದು ಪುಟವನ್ನೂ ಮೂರು ಮೂರು ಸಲ ಓದಿ, ಹೈಲೈಟರ್‌ನಲ್ಲಿ ಹಳದಿ ಗೆರೆ ಎಳೆಯುತ್ತೇನೆ. ಓದುವಾಗ ಎಲ್ಲಾ ಗೊತ್ತಿದೆ ಅನ್ನಿಸುತ್ತದೆ. ಮೂರು ದಿನ ಬಿಟ್ಟು ಹಳೆ ಪ್ರಶ್ನೆಪತ್ರಿಕೆ ತೆಗೆದರೆ ಉತ್ಪಲಮಾಲೆಯ ಗಣ ಯಾವುದು, ಚಂಪಕಮಾಲೆಯದ್ದು ಯಾವುದು ಎಂದು ತಿಳಿಯದೆ ಕಣ್ಣಲ್ಲಿ ನೀರು ಬರುತ್ತದೆ. ಇವೇ ವೃತ್ತಗಳನ್ನು ನಾನು ಮಕ್ಕಳಿಗೆ ಪಾಠ ಮಾಡಿದವಳು.

ಇದು ಓದಿನದ್ದಾಯಿತು. ಮನೆಯದ್ದು ಇನ್ನೂ ಭಯ ಹುಟ್ಟಿಸಿದೆ. ಹೋದ ಮಂಗಳವಾರ ಬೆಳಗ್ಗೆ ಅತ್ತೆಗೆ ಬಿ.ಪಿ. ಮಾತ್ರೆ ಕೊಟ್ಟು ಹಾಲು ಇಳಿಸಲು ಹೋದೆ. ತಿರುಗಿ ಬಂದವಳಿಗೆ ಕೊಟ್ಟೆನೋ ಇಲ್ಲವೋ ಎಂಬ ಅನುಮಾನ. ಇನ್ನೊಂದು ಕೊಟ್ಟುಬಿಟ್ಟೆ. ಅವರೂ ಕೇಳದೆ ನುಂಗಿದರು. ಹನ್ನೊಂದರ ಹೊತ್ತಿಗೆ ತಲೆ ಸುತ್ತುತ್ತದೆ ಎಂದು ಮಲಗಿದರು. ಆಸ್ಪತ್ರೆಗೆ ಕರೆದುಕೊಂಡು ಹೋದೆವು, ಸಂಜೆಗೆ ಸರಿಹೋದರು. ಆದರೆ ಮಾತ್ರೆಯ ಶೀಟು ಎಣಿಸಿ ಒಂದು ಕಡಿಮೆ ಇದ್ದದ್ದನ್ನು ನೋಡಿದಾಗ ನಡುಗಿದ ಕೈ ಇನ್ನೂ ನೆನಪಿದೆ.

ಅಮ್ಮ ದಿನಾ ಒಂದೆಲಗದ ತಂಬುಳಿ ಮಾಡಿಕೊಂಡು ತಿನ್ನು ಅನ್ನುತ್ತಾರೆ. ಇದು ವಯಸ್ಸಿನದ್ದೋ, ನನ್ನ ಕ್ರಮವೇ ತಪ್ಪೋ? ತಿಳಿದವರು ದಯವಿಟ್ಟು ಹೇಳಿ.

ಕುಡ್ಲದ ಓದುಗ (ಸೋಮವಾರ, ಬೆಳಗ್ಗೆ 6.50)

ಅಕ್ಕ, ನಾನು ಮನಶ್ಶಾಸ್ತ್ರ ಪಾಠ ಮಾಡುವವನು. ನೀವು ಬರೆದದ್ದನ್ನು ಎರಡು ಸಲ ಓದಿದೆ. ನಿಮ್ಮ ತಲೆಗೆ ಏನೂ ಆಗಿಲ್ಲ ಎಂದೇ ನನಗೆ ಅನ್ನಿಸುತ್ತದೆ. ತಪ್ಪಿರುವುದು ಆ ಹಳದಿ ಗೆರೆಯಲ್ಲಿ.

ಮೂರನೇ ಸಲ ಓದುವಾಗ ‘ಗೊತ್ತಿದೆ’ ಅನ್ನಿಸುವುದು ಗುರುತು ಹತ್ತುವುದರಿಂದ. ಸಂತೆಯಲ್ಲಿ ಎದುರಾದವರ ಮುಖದ ಗುರುತು ಸಿಗುತ್ತದೆ, ಹೆಸರು ಬಾಯಿಗೆ ಬರುವುದಿಲ್ಲವಲ್ಲ, ಹಾಗೆ. ಪರೀಕ್ಷೆಯಲ್ಲಿ ಬೇಕಾದದ್ದು ಒಳಗಿನಿಂದ ಎಳೆದು ತೆಗೆಯುವ ಶಕ್ತಿ. ಅದನ್ನು ನೀವು ಒಂದು ದಿನವೂ ಅಭ್ಯಾಸ ಮಾಡಿಲ್ಲ. ಬರೀ ತುಂಬಿದ್ದೀರಿ.

2006ರಲ್ಲಿ ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕೆ ಎಂಬಿಬ್ಬರು ಇದನ್ನೇ ಪರೀಕ್ಷಿಸಿದರು. ಕಾಲೇಜು ವಿದ್ಯಾರ್ಥಿಗಳಿಗೆ ಒಂದು ಗದ್ಯ ಓದಲು ಕೊಟ್ಟು, ಕೆಲವರಿಗೆ ಅದನ್ನೇ ಮತ್ತೆ ಓದಿ ಅಂದರು. ಉಳಿದವರಿಗೆ ಪುಸ್ತಕ ಮುಚ್ಚಿ ನೆನಪಿದ್ದಷ್ಟು ಬರೆಯಿರಿ ಅಂದರು. ಐದು ನಿಮಿಷ ಬಿಟ್ಟು ಕೇಳಿದಾಗ ಮತ್ತೆ ಓದಿದವರೇ ಮುಂದು: ನೂರಕ್ಕೆ 81, ಬರೆದವರು 75. ಒಂದು ವಾರ ಬಿಟ್ಟು ಕೇಳಿದಾಗ ಪೂರ್ತಿ ತಿರುವುಮುರುವು. ಮತ್ತೆ ಓದಿದವರಲ್ಲಿ ಉಳಿದದ್ದು 42, ಮುಚ್ಚಿ ಬರೆದವರಲ್ಲಿ 56. ಆ ಐದು ನಿಮಿಷದ ಗೆಲುವೇ ನಮ್ಮನ್ನೆಲ್ಲಾ ಮೋಸ ಮಾಡುವುದು.

ಇವತ್ತಿನಿಂದ ಹೈಲೈಟರ್ ಬೀರುವಿನಲ್ಲಿಡಿ. ಒಂದು ಸಲ ಗಮನವಿಟ್ಟು ಓದಿ, ಪುಸ್ತಕ ಮುಚ್ಚಿ, ಖಾಲಿ ಹಾಳೆಯಲ್ಲಿ ನೆನಪಿದ್ದದ್ದನ್ನೆಲ್ಲಾ ಬರೆಯಿರಿ. ಬರಲಿಲ್ಲವೆಂದು ತಕ್ಷಣ ಪುಟ ತೆರೆಯಬೇಡಿ. ಆ ತಡಕಾಟದಲ್ಲೇ ಕೆಲಸ ನಡೆಯುವುದು. ಆಮೇಲೆ ತೆರೆದು, ತಪ್ಪಿದ್ದನ್ನು ಮಾತ್ರ ನೋಡಿಕೊಳ್ಳಿ.

ಧಾರವಾಡದ ಮಾಸ್ತರ (ಸೋಮವಾರ, ಬೆಳಗ್ಗೆ 9.15)

ಅಕ್ಕಾರ, ನಾ ಮೂವತ್ತೆರಡು ವರ್ಷ ಕನ್ನಡ ಸಾಲ್ಯಾಗ ಮಾಸ್ತರ ಇದ್ದಾಂವ. ಮ್ಯಾಲೆ ಸರ್ ಹೇಳಿದ್ದು ಖರೆ ಅದ. ನಮ್ಮ ಕಾಲದಾಗ ಇದಕ್ಕ ದೊಡ್ಡ ಹೆಸರಿರಲಿಲ್ಲ, ಪಾಠ ಒಪ್ಪಸೂದು ಅಂತಿದ್ರು. ಓದಿಕೊಂಡು ಬಂದಿದ್ದನ್ನ ಪುಸ್ತಕ ನೋಡದ ಮಾಸ್ತರ ಮುಂದ ನಿಂತು ಒಪ್ಪಿಸಬೇಕು. ಈಗ ಬಾಯಿಪಾಠ ಅಂದ್ರ ಎಲ್ಲಾರೂ ಮೂಗು ಮುರೀತಾರ. ನಾ ಮುರಿಯೂದಿಲ್ಲ.

ಆದ್ರ ಒಂದು ಮಾತು. ಸಂಜೀಕ ಸಾಲಿ ಬಿಡೂ ಮುಂದ ಎಲ್ಲಾರೂ ನಿಂತು ಮಗ್ಗಿ ಹೇಳ್ತಿದ್ರು. ಎಂಟೊಂದ್ಲೆ ಎಂಟು, ಎಂಟೆರಡ್ಲೆ ಹದಿನಾರು. ದನಿ ಮುಗಿಲಿಗೆ ಮುಟ್ತಿತ್ತು. ಅದ ಹುಡುಗನ್ನ ಕರದು “ಎಂಟೇಳ್ಲೆ ಎಷ್ಟೋ?” ಅಂದ್ರ ಕಣ್ಣು ಮುಚ್ಚಿ ಮತ್ತ ಎಂಟೊಂದ್ಲೆಯಿಂದ ಸುರು ಮಾಡಾಂವ, ಬಳ್ಳ ಎಣಿಸಿಕೋತ ಏಳಕ್ಕ ಬಂದು ಐವತ್ತಾರು ಅನ್ನಾಂವ. ಅಂವಗ ಮಗ್ಗಿಯ ಹಾಡು ಬರ್ತಿತ್ತು, ಮಗ್ಗಿ ಬರ್ತಿರಲಿಲ್ಲ. ಅದಕ್ಕ ನಾ ಹುಡುಗುರ ಜೋಡಿ ಕೆರಿ ಕಡೆ ಹೋಗೂ ಮುಂದ ನಡು ನಡು ಕೇಳ್ತಿದ್ದೆ. ಆರೊಂಬತ್ಲೆ? ಏಳನಾಕ್ಲೆ? ಎರಡು ತಿಂಗಳದಾಗ ಹಾಡಿಲ್ಲದ ಉತ್ತರ ಬರಾಕ ಹತ್ತಿತು.

ಹಂಗ ನೀವೂ ಪುಸ್ತಕದ ಸಾಲು ಹಿಡದು ಕೇಳಿಕೋಬ್ಯಾಡ್ರಿ. ಕಲಸಿ ಕೇಳ್ರಿ. ಪಂಪನ ಪ್ರಶ್ನೆ ಆದ ಮ್ಯಾಲೆ ಕಾರಕದ ಪ್ರಶ್ನೆ, ಅದರ ಹಿಂದ ಜನಪದ. ಪರೀಕ್ಷಾದಾಗ ಅವು ಸಾಲಾಗಿ ಬರೂದಿಲ್ಲರೀ.

ತುಂಗೆಯ ಮೆಟ್ಟಿಲು (ಸೋಮವಾರ, ಮಧ್ಯಾಹ್ನ 1.05)

ಮಾಸ್ತರರ ಮಾತು ಓದಿ ನಮ್ಮ ಅಜ್ಜನ ನೆನಪಾಯಿತು. ಅವರು ವೇದಪಾಠ ಕಲಿತವರು. ಸಾಲಿನ ಮೇಲೆ ನೆನಪು ಜಾರಿಹೋಗುವ ಈ ತೊಂದರೆ ಹಿಂದಿನವರಿಗೆ ಚೆನ್ನಾಗಿ ಗೊತ್ತಿತ್ತು. ಕ್ರಮಪಾಠದಲ್ಲಿ ಒಂದು-ಎರಡು, ಎರಡು-ಮೂರು, ಮೂರು-ನಾಲ್ಕು ಎಂದು ಪದಗಳನ್ನು ಜೋಡಿ ಜೋಡಿಯಾಗಿ ಹೇಳುತ್ತಾರೆ. ಘನಪಾಠಕ್ಕೆ ಬಂದರೆ ಒಂದು-ಎರಡು, ಎರಡು-ಒಂದು, ಒಂದು-ಎರಡು-ಮೂರು, ಮೂರು-ಎರಡು-ಒಂದು, ಮತ್ತೆ ಒಂದು-ಎರಡು-ಮೂರು. ಹಿಂದೆ ಮುಂದೆ ಎರಡೂ ಕಡೆಯಿಂದ ಪ್ರತಿ ಪದಕ್ಕೂ ಗಂಟು ಬೀಳುತ್ತದೆ. ಒಂದು ಪದ ತಪ್ಪಿದರೆ ಅಲ್ಲೇ ಎಡವುತ್ತದೆ, ಮುಚ್ಚಿಹೋಗುವುದಿಲ್ಲ. ಬರಹವಿಲ್ಲದೆ ಇಷ್ಟು ಕಾಲ ಉಳಿದ ಈ ಪಠಣ ಪರಂಪರೆಯನ್ನು 2003ರಲ್ಲಿ ಯುನೆಸ್ಕೊ ಮಾನವಕುಲದ ಮೌಖಿಕ ಪರಂಪರೆಯ ಮೇರುಕೃತಿಗಳಲ್ಲಿ ಒಂದೆಂದು ಘೋಷಿಸಿತು.

ಅಜ್ಜ ಹೇಳಿಕೊಡುವಾಗ ಶಿಷ್ಯ ನಡುವೆ ನಿಂತರೆ ತಕ್ಷಣ ಎತ್ತಿಕೊಡುತ್ತಿರಲಿಲ್ಲ. ಕವಳ ಮಡಚುತ್ತಾ ಸುಮ್ಮನೆ ಕೂರುತ್ತಿದ್ದರು. ಕುಡ್ಲದವರು ಹೇಳಿದ ತಡಕಾಟ ಅದೇ ಇರಬೇಕು.

ಇಬ್ಬರು ಮಕ್ಕಳ ತಂದೆ (ಸೋಮವಾರ, ರಾತ್ರಿ 8.30)

ದಾವಣಗೆರೆಯಿಂದ. ಮೇಡಂ, ನೆನಪಿನ ಶಕ್ತಿ ಹೆಚ್ಚಿಸುತ್ತೇವೆ ಎಂದು ದುಡ್ಡು ಕೇಳುವ ಕೋರ್ಸುಗಳಿಗೆ ಮಾತ್ರ ಹೋಗಬೇಡಿ. ಮಗಳು ಐದನೇ ಕ್ಲಾಸಿನಲ್ಲಿದ್ದಾಗ ‘ಮಿಡ್‌ಬ್ರೇನ್ ಆಕ್ಟಿವೇಷನ್’ ಎಂಬ ಶಿಬಿರಕ್ಕೆ ಕೈಯಲ್ಲಿದ್ದದ್ದನ್ನೆಲ್ಲಾ ಕಟ್ಟಿ ಸೇರಿಸಿದ್ದೆ. ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಬಣ್ಣ ಹೇಳುತ್ತಾಳೆ, ಪುಸ್ತಕ ಓದುತ್ತಾಳೆ ಎಂದು ತೋರಿಸಿದರು. ಒಂದು ದಿನ ಮನೆಯಲ್ಲಿ ನಾನೇ ಬಟ್ಟೆ ಕಟ್ಟಿ, ಮೂಗಿನ ಪಕ್ಕದ ಸಂದಿಗೆ ಹತ್ತಿ ಇಟ್ಟೆ. ಮಗು ಅಳಲು ಶುರು ಮಾಡಿತು. “ಸಂದಿಯಲ್ಲಿ ಕಾಣ್ತಿತ್ತು ಅಪ್ಪ, ಹೇಳಿದ್ರೆ ನೀನು ಬೇಜಾರು ಮಾಡ್ಕೋತೀಯ ಅಂತ ಹೇಳ್ಲಿಲ್ಲ” ಅಂದಳು. ದುಡ್ಡು ಹೋದದ್ದಕ್ಕಿಂತ, ಸುಳ್ಳು ಹೇಳುವ ಸಂಕಟಕ್ಕೆ ಮಗುವನ್ನು ದೂಡಿದೆನಲ್ಲ ಎಂದು ಇವತ್ತಿಗೂ ನೋವಿದೆ.

ಕುಡ್ಲದ ಓದುಗ (ಸೋಮವಾರ, ರಾತ್ರಿ 9.10)

ದಾವಣಗೆರೆಯ ಅಣ್ಣ, ನೀವು ಬರೆದದ್ದು ಒಳ್ಳೆಯದಾಯಿತು. ನೆನಪೆಂದರೆ ವ್ಯಾಯಾಮ ಮಾಡಿಸಿ ಒಟ್ಟಾರೆ ದಪ್ಪ ಮಾಡುವ ತೋಳಲ್ಲ. ಇದಕ್ಕೆ ನಮ್ಮ ಊರಿನದ್ದೇ ಒಂದು ಉದಾಹರಣೆ ಇದೆ.

1981ರ ಜುಲೈ 5ರಂದು ಮಂಗಳೂರಿನಲ್ಲಿ ರಾಜನ್ ಮಹದೇವನ್ ಎಂಬ ಯುವಕ ಗಣಿತದ ಪೈ ಸಂಖ್ಯೆಯ 31,811 ಅಂಕಿಗಳನ್ನು ತಪ್ಪಿಲ್ಲದೆ ಹೇಳಿ ವಿಶ್ವದಾಖಲೆ ಮಾಡಿದರು. ಆಮೇಲೆ ಅಮೆರಿಕದ ಮನಶ್ಶಾಸ್ತ್ರಜ್ಞರು ಅವರ ನೆನಪನ್ನು ವರ್ಷಗಟ್ಟಲೆ ಪರೀಕ್ಷಿಸಿದರು. ಅಂಕಿಗಳಲ್ಲಿ ಅವರಿಗೆ ಸಾಟಿಯಿಲ್ಲ. ಆದರೆ ಯಾವ ವಸ್ತು ಎಲ್ಲಿತ್ತು, ಯಾವ ಕಡೆಗೆ ಮುಖ ಮಾಡಿತ್ತು ಎಂದು ಕೇಳಿದಾಗ ಸಾಮಾನ್ಯ ವಿದ್ಯಾರ್ಥಿಗಳಿಗಿಂತಲೂ ಹಿಂದೆ ಬಿದ್ದರು.

ಇನ್ನೊಂದು. 1980ರಲ್ಲಿ ಪ್ರಕಟವಾದ ಎರಿಕ್ಸನ್ ಮತ್ತು ಚೇಸ್ ಅವರ ಪ್ರಯೋಗದಲ್ಲಿ ಒಬ್ಬ ಸಾಧಾರಣ ಹುಡುಗನಿಗೆ ಸೆಕೆಂಡಿಗೊಂದರಂತೆ ಅಂಕಿ ಹೇಳಿ ತಿರುಗಿ ಹೇಳಿಸಿದರು. ಶುರುವಿಗೆ ಏಳು ಅಂಕಿ ಬರುತ್ತಿತ್ತು. ಇನ್ನೂರಮೂವತ್ತು ಗಂಟೆಗಳಷ್ಟು ಅಭ್ಯಾಸದ ನಂತರ 79. ಹುಡುಗ ಓಟಗಾರ; 3492 ಎಂದರೆ ‘ಮೂರು ನಿಮಿಷ 49.2 ಸೆಕೆಂಡು, ಮೈಲಿ ಓಟದ ದಾಖಲೆಯ ಹತ್ತಿರ’ ಎಂದು ತನಗೆ ಗೊತ್ತಿದ್ದ ವಿಷಯಕ್ಕೆ ಗಂಟು ಹಾಕುತ್ತಿದ್ದ. ಅಂಕಿ ಬಿಟ್ಟು ಅಕ್ಷರ ಹೇಳಿದರೆ? ಮತ್ತೆ ಆರಕ್ಕೆ ಇಳಿದ. ಅವನ ನೆನಪು ಹಿಗ್ಗಿರಲಿಲ್ಲ, ಅಂಕಿ ಕಟ್ಟುವ ಹಗ್ಗ ಅವನಿಗೆ ಸಿಕ್ಕಿತ್ತು, ಅಷ್ಟೇ.

ಆದ್ದರಿಂದ ಅಕ್ಕ, ನಿಮಗೆ ಚೆನ್ನಾಗಿ ಗೊತ್ತಿರುವುದು ಯಾವುದು ಎಂದು ಯೋಚಿಸಿ. ಹೊಸದನ್ನು ಅದಕ್ಕೆ ಕಟ್ಟಿ.

ವೀಣೆಯ ತಂತಿ (ಮಂಗಳವಾರ, ಬೆಳಗ್ಗೆ 10.40)

ಮೈಸೂರಿನಿಂದ, ಸಂಗೀತ ಹೇಳಿಕೊಡುವವಳು. ಕನ್ನಡ ಮೇಡಂ, ಹಗ್ಗಗಳು ನಿಮ್ಮ ಮನೆಯಲ್ಲೇ ಇವೆ!

ಗಣಗಳಿಗೆ ‘ಯಮಾತಾರಾಜಭಾನಸಲಗಂ’ ನಿಮಗೆ ಗೊತ್ತೇ ಇರುತ್ತದೆ. ಯಾವ ಅಕ್ಷರದಿಂದ ಶುರು ಮಾಡಿ ಮೂರನ್ನು ಓದಿದರೂ ಆ ಗಣವೇ ಸಿಗುತ್ತದೆ. ‘ಯಮಾತಾ’ ಲಘು-ಗುರು-ಗುರು, ಯಗಣ. ‘ಭಾನಸ’ ಗುರು-ಲಘು-ಲಘು, ಭಗಣ. ವೃತ್ತಗಳ ಲಕ್ಷಣ ಹೇಳುವ ಸಾಲುಗಳೂ ಹಾಗೇ ಅಲ್ಲವೆ? ‘ಉತ್ಪಲಮಾಲೆಯಪ್ಪುದು ಭರಂ ನಭಭಂ ರಲಗಂ ನೆಗಳ್ದಿರಲ್’ ಎಂಬ ಸಾಲು ತಾನೇ ಉತ್ಪಲಮಾಲೆಯಲ್ಲಿದೆ. ಇಪ್ಪತ್ತು ಅಕ್ಷರ. ಪ್ರಸ್ತಾರ ಹಾಕಿದರೆ ಭ, ರ, ನ, ಭ, ಭ, ರ, ಆಮೇಲೆ ಒಂದು ಲಘು, ಒಂದು ಗುರು. ಹೇಳುವ ವಿಷಯವೂ ಅದೇ, ಹೇಳುವ ಲಯವೂ ಅದೇ. ಕಣ್ಣಲ್ಲಿ ಓದಬೇಡಿ, ಬಾಯಿಬಿಟ್ಟು ಹಾಡಿ, ಕೈಯಲ್ಲಿ ತಾಳ ಹಾಕಿ.

ಇಸವಿಗಳಿಗೆ ಕಟಪಯಾದಿ ಹಿಡಿಯಿರಿ, ಅಕ್ಷರಕ್ಕೊಂದು ಅಂಕಿ ಕೊಡುವ ಹಳೆಯ ಕ್ರಮ ಅದು. ನಮಗೆ 72 ಮೇಳಕರ್ತ (ಮೂಲ) ರಾಗಗಳ ಸಂಖ್ಯೆ ನೆನಪಿರುವುದು ಅದರಿಂದಲೇ. ಕ, ಟ, ಪ, ಯ ನಾಲ್ಕಕ್ಕೂ 1. ಕ-ದಿಂದ ಝ-ವರೆಗೆ, ಟ-ದಿಂದ ಧ-ವರೆಗೆ ಒಂದರಿಂದ ಒಂಬತ್ತು. ಪ-ದಿಂದ ಮ-ವರೆಗೆ ಐದು. ಯ-ದಿಂದ ಹ-ವರೆಗೆ ಎಂಟು. ಞ, ನ ಸೊನ್ನೆ. ಬಂದ ಅಂಕಿಯನ್ನು ತಿರುವಿ ಓದಬೇಕು. ಮಾಯಾಮಾಳವಗೌಳದಲ್ಲಿ ಮ 5, ಯ 1, ತಿರುವಿದರೆ 15ನೇ ಮೇಳ. ಧೀರಶಂಕರಾಭರಣದಲ್ಲಿ ಧ 9, ರ 2, ಅಂದರೆ 29.

ನಿನ್ನೆ ರಾತ್ರಿ ನಿಮ್ಮ ಪ್ರಶ್ನೆ ಓದಿದ ಮೇಲೆ ನಿದ್ದೆ ಬರಲಿಲ್ಲ, ಜ್ಞಾನಪೀಠದ ವರ್ಷಗಳಿಗೆ ಪದ ಹುಡುಕುತ್ತಾ ಕೂತೆ. ಕುವೆಂಪು 1967: ಸ 7, ತ 6, ‘ಸೀತೆ’. ರಾಮಾಯಣ ಬರೆದವರಿಗೆ ಸೀತೆಯೇ ಬಂದಳು! ಬೇಂದ್ರೆ 1973 ‘ಬೀಸು’, ಗಾಳಿ ಬೀಸಿದ ಹಾಗೆ. ಕಾರಂತರು 1977 ‘ಸಸಿ’, ಕಾಡು ಉಳಿಸಲು ಹೋರಾಡಿದವರು. ಮಾಸ್ತಿ 1983 ‘ಗಾದಿ’, ಅವರ ಕಾದಂಬರಿಯಲ್ಲಿ ಕೊಡಗಿನ ಕೊನೆಯ ಅರಸ ಕಳೆದುಕೊಂಡ ಗಾದಿ. ಗೋಕಾಕರು 1990 ‘ನಿಧಿ’. ಅನಂತಮೂರ್ತಿ 1994 ‘ವಿಧಿ’, ಅವರ ಮೊದಲ ಕಾದಂಬರಿಯ ಇಡೀ ಕಥೆ ಶವಕ್ಕೆ ವಿಧಿ ಮಾಡುವವರು ಯಾರು ಎಂಬುದೇ ತಾನೆ. ಕಾರ್ನಾಡರಿಗೆ 1998 ‘ದಧಿ’, ಕಂಬಾರರಿಗೆ 2010 ‘ನಟ’. ಒಂದೊಂದನ್ನೂ ನೀವೇ ಅಕ್ಷರ ಬಿಡಿಸಿ ನೋಡಿ. ನಾನು ಕೊಟ್ಟದ್ದಕ್ಕಿಂತ ನೀವು ಹುಡುಕಿದ ಪದವೇ ಗಟ್ಟಿ ನಿಲ್ಲುತ್ತದೆ.

ರಾತ್ರಿಪಾಳಿ (ಮಂಗಳವಾರ, ರಾತ್ರಿ 11.50)

ತಾಲ್ಲೂಕು ಆಸ್ಪತ್ರೆಯ ವೈದ್ಯೆ. ಎಲ್ಲರೂ ಓದಿನ ಬಗ್ಗೆ ಚೆನ್ನಾಗಿ ಹೇಳಿದ್ದೀರಿ. ನನಗೆ ಕಣ್ಣಿಗೆ ಬಿದ್ದದ್ದು ಬೇರೆ: ಒಂದಕ್ಕೆ ಮಲಗಿ ಐದಕ್ಕೆ ಏಳುವುದು.

ಅಮ್ಮಾ, ನಾಲ್ಕು ಗಂಟೆ ನಿದ್ದೆ ಸಾಲದು. ಹಗಲು ಕಲಿತದ್ದು ಮಿದುಳಿನಲ್ಲಿ ಗಟ್ಟಿಯಾಗುವ ಕೆಲಸದ ದೊಡ್ಡ ಪಾಲು ನಿದ್ದೆಯಲ್ಲಿ ನಡೆಯುತ್ತದೆ. ನಿದ್ದೆಗೆಟ್ಟ ಮರುದಿನ ಹೊಸದು ಒಳಗೂ ಇಳಿಯುವುದಿಲ್ಲ. ರಾತ್ರಿಯ ಮೂರು ಗಂಟೆ ಓದನ್ನು ಒಂದು ಗಂಟೆಗೆ ಇಳಿಸಿ ಮಲಗಿದರೆ ನಷ್ಟವಿಲ್ಲ.

ಎರಡನೆಯದು, ಒಂದು ರಕ್ತ ಪರೀಕ್ಷೆ ಮಾಡಿಸಿ. ಬಿ12, ಥೈರಾಯ್ಡ್, ಹಿಮೋಗ್ಲೋಬಿನ್. ಸಸ್ಯಾಹಾರಿಗಳಲ್ಲಿ ಬಿ12 ಕೊರತೆ ನಾವು ದಿನಾ ನೋಡುತ್ತೇವೆ. ಮರೆವು, ಸುಸ್ತು, ಕಾಲು ಜುಮ್ಮೆನ್ನುವುದು ಎಲ್ಲಾ ಅದರಿಂದ ಬರಬಹುದು, ಚಿಕಿತ್ಸೆ ಸುಲಭ. ನಿದ್ದೆ ಮಾತ್ರೆ, ನೆಗಡಿಗೆ ನುಂಗುವ ತೂಕಡಿಕೆ ಬರಿಸುವ ಮಾತ್ರೆಗಳೂ ತಲೆ ಮಂಕು ಮಾಡುತ್ತವೆ. ನಲವತ್ತು ದಾಟಿದವರಿಗೆ ಮುಟ್ಟು ನಿಲ್ಲುವ ಮುಂಚಿನ ವರ್ಷಗಳಲ್ಲಿ ಮರೆವು ಕಾಡುವುದೂ ಇದೆ. ಮನಸ್ಸು ಕುಗ್ಗಿದ್ದರೂ ಹಾಗೇ. ಕೀ ಎಲ್ಲಿಟ್ಟೆ ಎಂದು ಮರೆಯುವುದಕ್ಕೆ ಹೆದರಬೇಡಿ. ಕೇಳಿದ್ದನ್ನೇ ಹತ್ತು ನಿಮಿಷಕ್ಕೊಮ್ಮೆ ಕೇಳುವುದು, ಓಡಾಡಿದ ದಾರಿಯೇ ತಪ್ಪುವುದು, ದುಡ್ಡಿನ ಲೆಕ್ಕ ಹಿಡಿಯಲಾಗದೆ ಹೋಗುವುದು, ಇವು ಕಂಡರೆ ಯಾರಿಗಾದರೂ ತಡಮಾಡದೆ ತೋರಿಸಬೇಕು. ನಿಮ್ಮ ಅತ್ತೆಯವರಿಗೆ ಕಿವಿ ಮಂದವಾಗಿದ್ದರೆ ಅದನ್ನೂ ಪರೀಕ್ಷಿಸಿ. 2024ರ ಲ್ಯಾನ್ಸೆಟ್ ಆಯೋಗದ ವರದಿ ಮರೆಗುಳಿತನಕ್ಕೆ ದಾರಿಮಾಡುವ, ನಾವು ತಡೆಯಬಹುದಾದ 14 ಕಾರಣಗಳನ್ನು ಪಟ್ಟಿ ಮಾಡಿದೆ, ಕಿವುಡು, ಬಿ.ಪಿ., ಸಕ್ಕರೆ ಕಾಯಿಲೆ, ಒಂಟಿತನ ಅದರಲ್ಲಿವೆ.

ಮಾತ್ರೆಯ ವಿಷಯ ನೆನಪಿಗೆ ಬಿಡಲೇಬೇಡಿ. ವಾರದ ಏಳು ಖಾನೆಯ ಮಾತ್ರೆ ಡಬ್ಬಿ ಔಷಧಿ ಅಂಗಡಿಯಲ್ಲಿ ಸಿಗುತ್ತದೆ. ಭಾನುವಾರ ತುಂಬಿಸಿಡಿ. ಮಂಗಳವಾರದ ಖಾನೆ ಖಾಲಿ ಇದ್ದರೆ ಕೊಟ್ಟಾಗಿದೆ, ಮುಗಿಯಿತು. ಒಂದೆಲಗದ ತಂಬುಳಿ ಊಟಕ್ಕೆ ತುಂಬಾ ಒಳ್ಳೆಯದು, ತಿನ್ನಿ; ಆದರೆ ಅದನ್ನು ನಂಬಿ ರಕ್ತ ಪರೀಕ್ಷೆ ಬಿಡಬೇಡಿ.

ಏಳು ನಲವತ್ತರ ಬಸ್ಸು (ಬುಧವಾರ, ಮಧ್ಯಾಹ್ನ 2.20)

ನಾನು ಬಸ್ ಕಂಡಕ್ಟರ್, ನಿಮ್ಮ ಸಕಲೇಶಪುರ-ಹಾಸನ ರೂಟಿನಲ್ಲೇ. ಓದಿದ್ದು ಪಿಯುಸಿ. ಆದರೂ ಹೇಳಬೇಕು ಅನ್ನಿಸಿತು.

ನಿಮಗೆ ನೆನಪಿನ ಶಕ್ತಿ ಜಾಸ್ತಿ ಅಂತ ಜನ ನನಗೆ ಹೇಳ್ತಾರೆ. ಅರವತ್ತು ಜನರಲ್ಲಿ ಯಾರು ಎಲ್ಲಿ ಇಳಿಯಬೇಕು ಅಂತ ನನಗೆ ಗೊತ್ತಿರುತ್ತೆ, ನಿದ್ದೆ ಹೊಡೆಯೋರನ್ನ ಎಬ್ಬಿಸ್ತೀನಿ. ಹೆಸರು ಒಬ್ಬರದ್ದೂ ಗೊತ್ತಿಲ್ಲ. ಸೀಟು ಮತ್ತು ಸ್ಟಾಪು, ಎರಡನ್ನೇ ಜೋಡಿ ಹಾಕ್ಕೋತೀನಿ. ಕಿಟಕಿ ಪಕ್ಕದ ಅಜ್ಜಿ ಬಾಳ್ಳುಪೇಟೆ, ಹಿಂದಿನ ಸೀಟಿನ ಹುಡುಗ ಪಾಳ್ಯ. ಪ್ರತಿ ಸ್ಟಾಪು ದಾಟಿದ ಮೇಲೆ ಹಿಂದಿನ ಸೀಟಿಂದ ಮುಂದಿನವರೆಗೆ ಒಂದು ಸಲ ಕಣ್ಣು ಹಾಯಿಸಿ ಮನಸ್ಸಲ್ಲೇ ಹೇಳಿಕೊಂಡು ಬರ್ತೀನಿ. ಒಂದು ಟ್ರಿಪ್ಪಿಗೆ ಐದಾರು ಸಲ ಆಗುತ್ತೆ. ನೀವು ಹೇಳೋ ಪರೀಕ್ಷೆ ಅದೇ ತಾನೆ.

ಆದರೆ ಚಿಲ್ಲರೆ ವಿಷಯದಲ್ಲಿ ನಾನು ನೆನಪನ್ನ ನಂಬಲ್ಲ. ಬಾಕಿ ಎಷ್ಟು ಅಂತ ಟಿಕೆಟ್ ಹಿಂದೆ ಬರೆದುಕೊಡ್ತೀನಿ. ಇಪ್ಪತ್ತೆರಡು ವರ್ಷದಲ್ಲಿ ಒಬ್ಬರ ದುಡ್ಡೂ ನನ್ನ ಹತ್ತಿರ ಉಳಿಯಬಾರದು ಅಂತ ಹಾಗೆ ಮಾಡಿದ್ದು. ಡಾಕ್ಟರ್ ಮೇಡಂ ಹೇಳಿದ ಡಬ್ಬಿ ನನ್ನ ಟಿಕೆಟ್ ಇದ್ದಂಗೆ.

ಮನೆಯ ಬೀಗ, ಇಂಥವಕ್ಕೆ ಇನ್ನೊಂದು. ಬೀಗ ಹಾಕಿದಾಗ “ಹಾಕಿದೆ, ಬುಧವಾರ” ಅಂತ ಬಾಯಿಬಿಟ್ಟು ಹೇಳಿ. ನಾನು ಡೋರ್ ಹಾಕಿದ ಮೇಲೆ ರೈಟ್ ರೈಟ್ ಅಂತ ಕೂಗ್ತೀನಲ್ಲ, ಕೂಗಿದ್ದು ಮರೆಯಲ್ಲ.

ಕುಡ್ಲದ ಓದುಗ (ಬುಧವಾರ, ಸಂಜೆ 5.00)

ಕಂಡಕ್ಟರ್ ಅಣ್ಣ, ನೀವು ಬರೆದದ್ದನ್ನು ನಾಳೆ ನನ್ನ ಕ್ಲಾಸಿನಲ್ಲಿ ಓದಿ ಹೇಳುತ್ತೇನೆ. ಒಂದೇ ಮಾತು ಸೇರಿಸುತ್ತೇನೆ. ನೀವು ಒಂದೇ ಸಲ ನೋಡಿ ಬಿಡುವುದಿಲ್ಲ, ಸ್ಟಾಪಿನಿಂದ ಸ್ಟಾಪಿಗೆ ಬಿಡುವು ಕೊಟ್ಟು ಮತ್ತೆ ನೋಡುತ್ತೀರಿ. ಆ ಬಿಡುವು ಬಹಳ ಮುಖ್ಯ. 1885ರಲ್ಲಿ ಜರ್ಮನಿಯ ಎಬಿಂಗ್‌ಹೌಸ್ ಅರ್ಥವಿಲ್ಲದ ಅಕ್ಷರಗುಂಪುಗಳನ್ನು ತಾನೇ ಕಲಿತು, ತಾನೇ ಮರೆತು, ಲೆಕ್ಕ ಇಟ್ಟ. ಒಂದು ಗಂಟೆಗೇ ಪಟ್ಟ ಶ್ರಮದ ಅರ್ಧಕ್ಕಿಂತ ಹೆಚ್ಚು ಕೈಬಿಟ್ಟಿತ್ತು, ಒಂದು ದಿನಕ್ಕೆ ಮೂರರಲ್ಲಿ ಎರಡು ಪಾಲು. ಅಲ್ಲಿಂದಾಚೆ ಇಳಿತ ನಿಧಾನ, ತಿಂಗಳ ನಂತರವೂ ಐದರಲ್ಲಿ ಒಂದು ಪಾಲು ಉಳಿದಿತ್ತು. ಹಾಗಾಗಿ ಮೊದಲ ಮರುನೋಟ ಮರುದಿನವೇ ಆಗಬೇಕು, ಆಮೇಲೆ ಮೂರು ದಿನ, ವಾರ, ಹದಿನೈದು ದಿನ ಎಂದು ಅಂತರ ಹಿಗ್ಗಿಸುತ್ತಾ ಹೋಗಬಹುದು. ಲೈಟ್ನರ್ ಎಂಬಾತ 1972ರಲ್ಲಿ ಇದಕ್ಕೆ ಖಾನೆಗಳ ಪೆಟ್ಟಿಗೆ ಸೂಚಿಸಿದ. ಉತ್ತರ ಬಂದ ಚೀಟಿ ಮುಂದಿನ ಖಾನೆಗೆ, ತಪ್ಪಿದ್ದು ಮತ್ತೆ ಮೊದಲ ಖಾನೆಗೆ. ಫೋನಿನಲ್ಲಿ ಆಂಕಿ ಎಂಬ ಆ್ಯಪ್ ಇದೇ ಕೆಲಸ ಮಾಡುತ್ತದೆ, ಆದರೆ ಕಾಗದವೇ ಸಾಕು.

ಹೇಮಾವತಿದಂಡೆ (ಏಳು ವಾರಗಳ ನಂತರ, ಭಾನುವಾರ, ಸಂಜೆ 6.30)

ಎಲ್ಲರಿಗೂ ಉತ್ತರ ಬರೆಯಲು ಇಷ್ಟು ದಿನ ಆಯಿತು, ಕ್ಷಮಿಸಿ. ಮಾಡಿ ನೋಡದೆ ಬರೆಯಬಾರದು ಅನ್ನಿಸಿತ್ತು.

ರಕ್ತ ಪರೀಕ್ಷೆ ಮಾಡಿಸಿದೆ. ಬಿ12 ತುಂಬಾ ಕಡಿಮೆ ಇತ್ತು, ಇಂಜೆಕ್ಷನ್ ಕೊಡುತ್ತಿದ್ದಾರೆ. ಹನ್ನೊಂದಕ್ಕೆ ದೀಪ ಆರಿಸುತ್ತೇನೆ. ಮೊದಲ ವಾರ ಓದು ಕಡಿಮೆಯಾಯಿತೆಂದು ತಪ್ಪಿತಸ್ಥೆಯ ಹಾಗೆ ಮಲಗುತ್ತಿದ್ದೆ. ಈಗ ಹಾಗನ್ನಿಸುವುದಿಲ್ಲ.

ಖಾಲಿ ಹಾಳೆಯ ಅಭ್ಯಾಸ ಮೊದಲಿಗೆ ಅವಮಾನವೇ ಆಯಿತು. ಶಾಂತರಸದ ಬಗ್ಗೆ ನಾಲ್ಕು ಪುಟ ಓದಿ ಮುಚ್ಚಿದರೆ ಬರೆಯಲು ಬಂದದ್ದು ಮೂರು ಸಾಲು. ಹಾಳೆ ಹರಿದುಹಾಕಬೇಕೆನ್ನಿಸಿತು. ಎರಡನೇ ವಾರ ಅರ್ಧ ಪುಟವಾಯಿತು. ಮನೆಯ ಬೀರುವಿನಲ್ಲಿದ್ದ ಹಳೆ ಮದುವೆ ಕಾಗದಗಳನ್ನೆಲ್ಲಾ ತೆಗೆದು ಕತ್ತರಿಸಿದೆ. ದಪ್ಪ ಕಾಗದ, ಹಿಂಬದಿ ಖಾಲಿ. ಒಂದು ಕಡೆ ಪ್ರಶ್ನೆ, ಅಂಚಿನ ಚಿನ್ನದ ಬಣ್ಣದ ಗಣಪತಿಯ ಪಕ್ಕದಲ್ಲಿ ಚಿಕ್ಕದಾಗಿ ಉತ್ತರ. ಮೈಸೂರುಪಾಕಿನ ಡಬ್ಬಿಯಲ್ಲಿ ರಟ್ಟು ಅಡ್ಡಗಟ್ಟಿ ನಾಲ್ಕು ಖಾನೆ ಮಾಡಿದ್ದೇನೆ. ಇವತ್ತಿಗೆ 412 ಚೀಟಿ. ಮಾಸ್ತರರು ಹೇಳಿದ ಹಾಗೆ ಇಸ್ಪೀಟಿನಂತೆ ಕಲಸಿ, ಬಸ್ಸಿನಲ್ಲಿ ಇಪ್ಪತ್ತು ಚೀಟಿ ನೋಡುತ್ತೇನೆ.

ವೀಣೆಯ ತಂತಿ ಮೇಡಂ, ‘ಸೀತೆ’ ಓದಿದ ದಿನ ಅಡುಗೆಮನೆಯಲ್ಲಿ ನಿಂತಲ್ಲೇ ಕುಣಿಯುವಂತಾಯಿತು. ಕಾರ್ನಾಡರ ‘ದಧಿ’ ಮಾತ್ರ ನಿಲ್ಲುತ್ತಿರಲಿಲ್ಲ, ಅವರಿಗೂ ಮೊಸರಿಗೂ ನನಗೆ ಸಂಬಂಧ ಸಿಗಲಿಲ್ಲ. ಆಮೇಲೆ ನಮ್ಮ ಹಳೇ ಮನೆಯನ್ನು ಉಪಯೋಗಿಸಿಕೊಂಡೆ. ಮನಸ್ಸಿನಲ್ಲೇ ಆ ಎಂಟು ಸಾಹಿತಿಗಳನ್ನು ಮನೆಯ ಎಂಟು ಜಾಗದಲ್ಲಿ ಕೂರಿಸಿದೆ. ತಡಿಕೆ ಗೇಟಿನಲ್ಲಿ ಮಳೆಗೆ ನಿಂತ ಕುವೆಂಪು, ಜಗಲಿಯಲ್ಲಿ ಬೇಂದ್ರೆ, ಬಚ್ಚಲ ಹಂಡೆಯ ಹತ್ತಿರ ಯಕ್ಷಗಾನದ ಗೆಜ್ಜೆ ಕಟ್ಟಿದ ಕಾರಂತರು. ಹೀಗೆ ನಡೆಯುತ್ತಾ ಹೋದರೆ ಮೊಸರು ಕಡೆಯುವ ಕಂಬದ ಹತ್ತಿರ ಕಾರ್ನಾಡರು ನಿಂತಿರುತ್ತಾರೆ. ಈಗ ದಧಿ ಮರೆಯುವುದೇ ಇಲ್ಲ. ಆ ಮನೆ ಬಿದ್ದು ಒಂಬತ್ತು ವರ್ಷವಾಯಿತು. ಕಂಬ ಎಲ್ಲಿತ್ತೆಂದು ನನಗೆ ಇಷ್ಟು ಸ್ಪಷ್ಟವಾಗಿ ಗೊತ್ತಿದೆ ಎಂದು ಗೊತ್ತಿರಲಿಲ್ಲ. ಅಜ್ಜಿ ಹಗ್ಗ ಎಳೆಯುತ್ತಿದ್ದ ಸದ್ದೂ ಕೇಳಿತು.

ಆಗದ್ದನ್ನೂ ಹೇಳಬೇಕು. ಭಾಷಾವಿಜ್ಞಾನದ ಪರಿಕಲ್ಪನೆಗಳಿಗೆ ಈ ಯಾವ ಹಗ್ಗವೂ ಹತ್ತಲಿಲ್ಲ. ಧ್ವನಿಮಾ (ಅರ್ಥ ಬೇರೆ ಮಾಡುವ ಧ್ವನಿಘಟಕ), ಆಕೃತಿಮಾ (ಅರ್ಥವಿರುವ ಅತಿ ಚಿಕ್ಕ ಘಟಕ) ಅರ್ಥವಾಗದೆ ಚೀಟಿ ಮಾಡಿದರೆ ಚೀಟಿಯ ಮಾತು ಮಾತ್ರ ಬರುತ್ತದೆ, ಪ್ರಶ್ನೆ ಸ್ವಲ್ಪ ತಿರುಚಿದರೆ ಕೈಕೊಡುತ್ತದೆ. ಅದನ್ನು ಕೊನೆ ವರ್ಷದ ಇಬ್ಬರು ವಿದ್ಯಾರ್ಥಿನಿಯರನ್ನು ಕೂರಿಸಿಕೊಂಡು ಪಾಠ ಮಾಡಿದೆ. ಅವರು ಕೇಳಿದ ಪ್ರಶ್ನೆಗೆ ತಡವರಿಸಿದ ಕಡೆಯಲ್ಲೆಲ್ಲಾ ನನಗೇ ತಿಳಿದಿಲ್ಲವೆಂದು ಗೊತ್ತಾಯಿತು.

ಅತ್ತೆಯವರ ಡಬ್ಬಿ ಊಟದ ಮೇಜಿನ ಮೇಲಿದೆ. ಈಗ ಅವರೇ ಖಾನೆ ತೆರೆದು ನನಗೆ ತೋರಿಸುತ್ತಾರೆ, “ನೋಡು, ಭಾನುವಾರದ್ದು ಆಯ್ತು” ಎಂದು. ಪರೀಕ್ಷೆಗೆ ಇನ್ನು ಮೂರು ವಾರ ಇದೆ.

ಧಾರವಾಡದ ಮಾಸ್ತರ (ಭಾನುವಾರ, ರಾತ್ರಿ 8.05)

ಭಾಳ ಸಂತೋಷ ಆತು ತಂಗಿ. ಇನ್ನ ಹೊಸಾ ಚೀಟಿ ಮಾಡಬ್ಯಾಡ. ಇದ್ದದ್ದನ್ನ ಕಲಸಿ ಕಲಸಿ ಕೇಳಿಕೋ.

ಏಳು ನಲವತ್ತರ ಬಸ್ಸು (ಭಾನುವಾರ, ರಾತ್ರಿ 9.40)

ಮೇಡಂ, ಎಡಗಡೆ ಮೂರನೇ ಸೀಟು, ಕಿಟಕಿ ಪಕ್ಕ, ಹಾಸನದ ಶೂನ್ಯ ಟಿಕೆಟ್, ಕೈಯಲ್ಲಿ ಮದುವೆ ಕಾಗದದ ಚೀಟಿ. ನೀವೇ ಇರಬೇಕು. ಪಾಳ್ಯ ದಾಟಿದ ಮೇಲೆ ನನಗೆ ಹತ್ತು ನಿಮಿಷ ಬಿಡುವಿರುತ್ತೆ. ನಾಳೆ ಚೀಟಿ ನನ್ನ ಕೈಗೆ ಕೊಡಿ, ನಾನು ಕೇಳ್ತೀನಿ.